ಟ್ಯಾಪ್ ಮಾಡೋದನ್ನ ಮೊದಲು ಹೇಳಿಕೊಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಕ್ರೀಡಾ ಪುಟದಲ್ಲಿ ಬ್ರೆಜಿಲಿಯನ್ ಜಿಯು-ಜಿತ್ಸು, ಅಂದರೆ ಎದುರಾಳಿಯನ್ನು ನೆಲಕ್ಕೆ ಕೆಡವಿ ಕೈಕಾಲು, ಕುತ್ತಿಗೆಗೆ ಪಟ್ಟು ಹಾಕುವ ಕುಸ್ತಿಯಂಥ ಆಟ, ಕಲಿಯಲು ಹೊರಟವರಿಗೆ ಅಂತ ಒಂದು ಲೇಖನ ಬಂದಿತ್ತು. ಈ ಆಟದ ಬಗ್ಗೆ ಯಾರಾದರೂ ಕನ್ನಡದಲ್ಲಿ ಬರೆಯಲಿ ಅಂತ ಕಾಯುತ್ತಿದ್ದವನು ನಾನು, ಹಾಗಾಗಿ ಖುಷಿಯಿಂದಲೇ ಓದಿದೆ. ಮುಕ್ಕಾಲು ಪಾಲು ಸರಿಯಾಗೇ ಇತ್ತು. ನಡುವೆ ಒಂದು ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು: ಎದುರಾಳಿ ಎಷ್ಟೇ ಬಿಗಿಯಾಗಿ ಹಿಡಿದರೂ ಕೊನೇ ಕ್ಷಣದವರೆಗೂ ಬಿಟ್ಟುಕೊಡಬೇಡಿ, ಛಲವೇ ಈ ಆಟದ ಜೀವ ಅಂತ. ಛಲ ಇರಲಿ, ಬೇಡ ಅನ್ನಲ್ಲ. ಆದರೆ ಈ ಮಾತು ನಂಬಿ ಮ್ಯಾಟ್‌ಗೆ ಇಳಿದವರು ಸ್ವಲ್ಪ ದಿನದಲ್ಲೇ ಮೂಳೆ ಡಾಕ್ಟರ ಮುಂದೆ ಕೂತಿರುತ್ತಾರೆ. ನಾನು ಕೂತಿದ್ದೆ, ಅದಕ್ಕೇ ಬರೀತಾ ಇದ್ದೇನೆ.

ನನ್ನ ಬಲ ಮೊಣಕೈ ಇವತ್ತಿಗೂ ಪೂರ್ತಿ ನೆಟ್ಟಗಾಗಲ್ಲ. ಕಲಿಯಲು ಶುರು ಮಾಡಿ ಮೂರನೇ ತಿಂಗಳು ಆದದ್ದು. ಎದುರಿಗಿದ್ದವರು ಬ್ಲೂ ಬೆಲ್ಟ್ (ಹೊಸಬರ ವೈಟ್ ಆದ ಮೇಲೆ ಬ್ಲೂ, ಪರ್ಪಲ್, ಬ್ರೌನ್, ಬ್ಲ್ಯಾಕ್ ಅಂತ ಮೇಲೇರೋದು), ನನಗಿಂತ 15 ಕೆ.ಜಿ. ಹಗುರ, ವಯಸ್ಸಿನಲ್ಲೂ ದೊಡ್ಡವರು. ಇವರ ಹತ್ತಿರ ಸೋಲೋದಾ ಅಂತ ನನ್ನ ತಲೆಯಲ್ಲಿ. ಅವರು ನನ್ನ ತೋಳನ್ನು ಎರಡು ತೊಡೆಗಳ ನಡುವೆ ಸಿಕ್ಕಿಸಿ, ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು, ಸೊಂಟ ಮೇಲೆತ್ತಿದರು. ಆರ್ಮ್‌ಬಾರ್ ಅನ್ನೋ ಪಟ್ಟು. ನಿಧಾನವಾಗಿಯೇ ಎತ್ತಿದರು, ಟ್ಯಾಪ್ ಮಾಡಲು, ಅಂದರೆ ಸೋಲೊಪ್ಪಿ ಕೈ ತಟ್ಟಲು, ನನಗೆ ಮೂರು ನಾಲ್ಕು ಸೆಕೆಂಡ್ ಸಿಕ್ಕಿತ್ತು. ಅಷ್ಟನ್ನೂ ಹಲ್ಲು ಕಚ್ಚಿಕೊಂಡು ಕಳೆದೆ. ಆಮೇಲೆ ತೋಳು ಕಿತ್ತುಕೊಳ್ಳೋಣ ಅಂತ ಇಡೀ ಮೈಯನ್ನು ಒಮ್ಮೆಗೇ ತಿರುಗಿಸಿದೆ. ಲಟಕ್ ಅಂತು. ಬೆರಳು ನೆಟಿಗೆ ಮುರಿದ ಹಾಗೆ, ಆದರೆ ಅದಕ್ಕಿಂತ ದಪ್ಪ ಸದ್ದು. ಅವರು ತಕ್ಷಣ ಬಿಟ್ಟು ಎದ್ದು ಕೂತರು. ‘ಯಾಕ್ರೀ ಟ್ಯಾಪ್ ಮಾಡ್ಲಿಲ್ಲ?’ ಅಂದರು. ಬೈದದ್ದಲ್ಲ, ಅವರ ಮುಖವೇ ಬಿಳಿಚಿಕೊಂಡಿತ್ತು. ಮೊದಲ ಒಂದು ವಾರ ಶರ್ಟಿನ ಗುಂಡಿ ಹಾಕಲು ಮನೆಯವರನ್ನು ಕರೆಯಬೇಕಾಯಿತು. ಎರಡು ತಿಂಗಳು ಮ್ಯಾಟ್ ಕಡೆ ತಲೆ ಹಾಕಲಿಲ್ಲ. ಛಲ ಮಾಡಿ ಉಳಿಸಿಕೊಂಡದ್ದು ಏನು ಅಂತ ಕೇಳಿದರೆ, ಏನೂ ಇಲ್ಲ. ಅದು ಸ್ಪರ್ಧೆಯಲ್ಲ, ಲೆಕ್ಕ ಇಡುವವರೂ ಯಾರೂ ಇರಲಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಟ್ಯಾಪ್ ಅಂದರೆ ‘ಸಾಕು, ಬಿಡು’ ಅನ್ನೋ ಸನ್ನೆ. ಎದುರಿನವರ ಮೈ ಮೇಲೆ ಎರಡು ಮೂರು ಸಲ ಅಂಗೈಯಿಂದ ಗಟ್ಟಿಯಾಗಿ ತಟ್ಟಬೇಕು. ನೆಲಕ್ಕೆ ತಟ್ಟಿದರೂ ನಡೆಯುತ್ತೆ, ಆದರೆ ಪಕ್ಕದಲ್ಲಿ ಇನ್ನೂ ನಾಲ್ಕು ಜೋಡಿ ಉರುಳಾಡುತ್ತಿರುವಾಗ ಆ ಸದ್ದು ಅವರಿಗೆ ಕೇಳಿಸದೇ ಹೋಗಬಹುದು, ಮೈ ಮೇಲೆ ತಟ್ಟಿದರೆ ತಿಳಿಯದೇ ಇರಲ್ಲ. ಎರಡೂ ಕೈ ಸಿಕ್ಕಿಕೊಂಡಿದ್ದರೆ ಕಾಲಿಂದ ನೆಲಕ್ಕೆ ಬಡಿಯಿರಿ, ಜೊತೆಗೆ ಬಾಯಲ್ಲೂ ‘ಟ್ಯಾಪ್’ ಅನ್ನಿ. ಸ್ಪರ್ಧೆಯಲ್ಲಿ ಪಟ್ಟು ಬಿದ್ದಾಗ ನೋವಿಗೆ ‘ಅಯ್ಯೋ’ ಅಂತ ಕಿರುಚಿದರೂ ಟ್ಯಾಪ್ ಅಂತಲೇ ರೆಫರಿ ಪಂದ್ಯ ನಿಲ್ಲಿಸುತ್ತಾರೆ. ಇನ್ನೊಂದು ಬದಿಯ ಪಾಠವೂ ಇದೆ, ಅದನ್ನು ಯಾರೂ ಬರೆಯಲ್ಲ. ಎದುರಿನವರು ತಟ್ಟಿದ ಕೂಡಲೇ ಬಿಡಬೇಕು. ನಿಜವಾಗಿ ತಟ್ಟಿದರಾ, ಕೈ ಸುಮ್ನೆ ತಗುಲಿತಾ ಅಂತ ಯೋಚಿಸುತ್ತಾ ಕೂರೋದಲ್ಲ. ಅನುಮಾನ ಬಂತಾ, ಬಿಟ್ಟುಬಿಡಿ.

ಛಲದ ಉದಾಹರಣೆ ಕೊಡುವವರು ಸಾಮಾನ್ಯವಾಗಿ ಬ್ರೆಜಿಲ್‌ನಲ್ಲಿ ಈ ಆಟವನ್ನು ಬೆಳೆಸಿದ ಗ್ರೇಸಿ ಕುಟುಂಬದ ಹೆಸರು ಹೇಳುತ್ತಾರೆ. ಸರಿ, ಅವರದ್ದೇ ಕಥೆ ನೋಡೋಣ. 1951ರಲ್ಲಿ ರಿಯೋ ಡಿ ಜನೈರೊದ ಮರಕಾನಾ ಸ್ಟೇಡಿಯಂನಲ್ಲಿ ಹೆಲಿಯೋ ಗ್ರೇಸಿ ಜಪಾನಿನ ಜೂಡೋ ಪಟು ಮಸಾಹಿಕೋ ಕಿಮುರಾ ಎದುರು ಇಳಿದರು. ಕಿಮುರಾ ಅವರ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿದರು. ಹೆಲಿಯೋ ಟ್ಯಾಪ್ ಮಾಡಲೇ ಇಲ್ಲ, ಕಡೆಗೆ ಅವರ ಕಡೆಯವರೇ ಪಂದ್ಯ ನಿಲ್ಲಿಸಬೇಕಾಯಿತು. ಆ ಪಟ್ಟಿಗೆ ಇವತ್ತು ಜಿಯು-ಜಿತ್ಸು ಕಲಿಸುವ ಕಡೆಯೆಲ್ಲ ಕಿಮುರಾ ಅಂತಲೇ ಹೆಸರು, ಗೆದ್ದವರ ಹೆಸರು. ಹೆಲಿಯೋ ಅವರ ಧೈರ್ಯಕ್ಕೆ ನಾನೂ ಕೈ ಮುಗೀತೀನಿ. ಆದರೆ ಅವರು ಸಾವಿರಾರು ಜನರ ಮುಂದೆ, ತಮ್ಮ ಮನೆತನದ ವಿದ್ಯೆಯ ಮರ್ಯಾದೆ ಪಣಕ್ಕಿಟ್ಟು ಆಡುತ್ತಿದ್ದರು. ನಾವು ಕೆಲಸ ಮುಗಿಸಿ ಬಂದು, ಸಂಜೆ ಒಂದು ಗಂಟೆ ಬೆವರು ಹರಿಸಿ, ನಾಳೆ ಮತ್ತೆ ಕೆಲಸಕ್ಕೆ ಹೋಗಬೇಕಾದವರು.

ಇದೇ ಕುಟುಂಬದ ಇನ್ನೊಂದು ಕಥೆ 1993ರದ್ದು. ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯಲ್ಲಿ, ಅಂದರೆ ಬೇರೆ ಬೇರೆ ಹೊಡೆದಾಟದ ವಿದ್ಯೆಯವರು ಎದುರಾಗುವ ಸ್ಪರ್ಧೆಯಲ್ಲಿ, ಹೆಲಿಯೋ ಅವರ ಮಗ ರಾಯ್ಸ್ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಸಣ್ಣ ಮೈಯವನು ದೊಡ್ಡ ಮೈಯವರನ್ನು ಗೆದ್ದ ಅಂತ ಎಲ್ಲರೂ ಹೇಳುತ್ತಾರೆ. ನಾನು ಆ ರಾತ್ರಿಯ ಪಂದ್ಯಗಳನ್ನು ನೋಡುವಾಗ ಸೋತವರನ್ನು ನೋಡುತ್ತೇನೆ. ಮೂವರೂ ಹೊಡೆದಾಟವನ್ನೇ ಕಸುಬು ಮಾಡಿಕೊಂಡವರು, ಮೂವರೂ ಟ್ಯಾಪ್ ಮಾಡಿದರು. ಅವರಲ್ಲೊಬ್ಬ ಬಾಕ್ಸರ್ ಅಂತೂ ಯಾವ ಪಟ್ಟೂ ಬೀಳುವ ಮುಂಚೆ, ರಾಯ್ಸ್ ಮೈ ಮೇಲೆ ಕೂತು ಅಮುಕಿದ್ದಕ್ಕೇ ತಟ್ಟಿಬಿಟ್ಟ. ಜನ ನಕ್ಕರು. ನನಗೇನೋ ಆತ ಅಂಥ ದಡ್ಡ ಅನ್ನಿಸಲ್ಲ, ತಪ್ಪಿಸಿಕೊಳ್ಳೋ ದಾರಿ ಗೊತ್ತಿಲ್ಲ ಅಂತ ಆತನಿಗೆ ಗೊತ್ತಿತ್ತು.

ಇನ್ನು ನಿಮ್ಮ ಲೇಖನದ ಜೊತೆಗಿದ್ದ ಚಿತ್ರ. ಒಬ್ಬ ಇನ್ನೊಬ್ಬನ ಹಿಮ್ಮಡಿಯನ್ನು ಮೊಣಕೈ ಸಂದಿಯಲ್ಲಿ ಸಿಕ್ಕಿಸಿಕೊಂಡು ತಿರುಚುತ್ತಿದ್ದಾನೆ. ಕೆಳಗೆ ‘ಹೊಸಬರಿಗೆ ಸುಲಭದ ಪಟ್ಟು’ ಅಂತ ಬರೆದಿದ್ದೀರಿ. ಸಂಪಾದಕರೇ, ಅದರ ಹೆಸರು ಹೀಲ್ ಹುಕ್. ಹೊಸಬರು ಮುಟ್ಟಲೇಬಾರದ ಪಟ್ಟು ಯಾವುದು ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಕೋಚ್‌ಗಳು ಇದನ್ನೇ ಹೇಳುತ್ತಾರೆ. ಯಾಕೆ ಅಂದರೆ, ಮೊಣಕೈ ಹಿಂದಕ್ಕೆ ಬಗ್ಗುವಾಗ ನೋವು ಮೊದಲು ಬಂದು ಎಚ್ಚರಿಸುತ್ತೆ, ಗಾಯ ಆಮೇಲೆ. ಹೀಲ್ ಹುಕ್‌ನಲ್ಲಿ ಹಿಡಿಯೋದು ಹಿಮ್ಮಡಿಯನ್ನಾದರೂ ತಿರುಚುವ ಬಲ ಹೋಗಿ ಬೀಳೋದು ಮೊಣಕಾಲಿನ ಮೇಲೆ. ಅಲ್ಲಿ ನೋವು ತಡವಾಗಿ ಬರುತ್ತೆ, ಅಷ್ಟರಲ್ಲಿ ಒಳಗಿನ ಲಿಗಮೆಂಟ್ ಹರಿದಿರಬಹುದು. ಗಾಬರಿಯಲ್ಲಿ ತಪ್ಪು ದಿಕ್ಕಿಗೆ ಹೊರಳಿದಿರೋ, ನಿಮ್ಮ ಮೊಣಕಾಲನ್ನು ನೀವೇ ತಿರುಚಿಕೊಂಡ ಹಾಗೆ. ಐಬಿಜೆಜೆಎಫ್ ಅನ್ನೋ ದೊಡ್ಡ ಸಂಸ್ಥೆ ನಡೆಸುವ ಸ್ಪರ್ಧೆಗಳಲ್ಲಿ, ಗೀ ಅಂದರೆ ಆ ದಪ್ಪ ಅಂಗಿ ಹಾಕಿಕೊಂಡು ಆಡುವಾಗ, ಇದು ಬ್ಲ್ಯಾಕ್ ಬೆಲ್ಟ್‌ಗೂ ನಿಷಿದ್ಧ. ಗೀ ಇಲ್ಲದ ಸ್ಪರ್ಧೆಯಲ್ಲೂ 2021ರಿಂದ ವಯಸ್ಕ ಬ್ರೌನ್ ಮತ್ತು ಬ್ಲ್ಯಾಕ್ ಬೆಲ್ಟ್‌ನವರಿಗೆ ಮಾತ್ರ ಬಿಟ್ಟಿದ್ದಾರೆ. ಅಂಥದ್ದು ಹೊಸಬರಿಗೆ ಸುಲಭವಂತೆ! ಯಾರಾದರೂ ನಿಮ್ಮ ಹಿಮ್ಮಡಿ ಹಿಡಿದರೆ, ನೋವಾಗಲಿ ಬಿಡಲಿ, ಹಿಡಿದ ಕೂಡಲೇ ಟ್ಯಾಪ್ ಮಾಡಿ.

ಕುತ್ತಿಗೆಯ ಪಟ್ಟುಗಳ ಲೆಕ್ಕ ಬೇರೆ. ಗಂಟಲ ಮುಂಭಾಗ ಒತ್ತಿದರೆ ಕೆಟ್ಟದಾಗಿ ನೋಯುತ್ತೆ, ಕೆಮ್ಮು ಬರುತ್ತೆ, ಯಾರಿಗಾದರೂ ಗೊತ್ತಾಗುತ್ತೆ. ಸರಿಯಾಗಿ ಹಾಕಿದ ಚೋಕ್‌ನಲ್ಲಿ ಹಾಗಿರಲ್ಲ. ಅದು ಕುತ್ತಿಗೆಯ ಎರಡು ಬದಿಯ ರಕ್ತನಾಳಗಳನ್ನು ಅಮುಕುತ್ತೆ, ಮಿದುಳಿಗೆ ರಕ್ತ ಹೋಗೋದು ಕಡಿಮೆಯಾಗುತ್ತೆ, ಉಸಿರು ಆಡುತ್ತಿರುವಾಗಲೇ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪಬಹುದು. ನೋವೇ ಇಲ್ಲದೆ. ಕಿವಿಯಲ್ಲಿ ಗುಂಯ್ ಅನ್ನುತ್ತೆ, ಕಣ್ಣಂಚಲ್ಲಿ ಕತ್ತಲೆ ಕವಿಯುತ್ತೆ, ‘ಇನ್ನೂ ತಡ್ಕೊಬಹುದು’ ಅನ್ನಿಸುತ್ತೆ. ತಡ್ಕೊಬಹುದು ಅಂತ ಅನ್ನಿಸಿದಾಗಲೇ ತಟ್ಟಬೇಕು. ಜೊತೆಯವರು ಮೆತ್ತಗಾದರು ಅಂತ ಕಂಡರೆ ಆ ಕ್ಷಣವೇ ಬಿಟ್ಟು ಕೋಚ್‌ನ ಕರೆಯಿರಿ. ಎಚ್ಚರ ತಪ್ಪಿದವರು ಆ ದಿನ ಮತ್ತೆ ಆಡೋದು ಬೇಡ. ಮುಖ್ಯವಾಗಿ, ಕಲಿಸುವವರು ಯಾರೂ ಇಲ್ಲದೆ ಗೆಳೆಯರಿಬ್ಬರು ವಿಡಿಯೋ ನೋಡಿಕೊಂಡು ಮನೆ ಹಾಲ್‌ನಲ್ಲಿ ಚೋಕ್ ಅಭ್ಯಾಸ ಮಾಡಲೇಬಾರದು.

ಹಾಗಾದರೆ ಹೊಸಬರು ಮಾಡಬೇಕಾದ್ದೇನು? ನನ್ನ ಪ್ರಕಾರ ಮೊದಲ ಆರು ತಿಂಗಳು ಗೆಲ್ಲೋ ಯೋಚನೆಯನ್ನೇ ಬಿಡಬೇಕು. ಬಿಡಿಸಿಕೊಳ್ಳೋದನ್ನ ಕಲಿಯಬೇಕು. ಇದು ಕೇಳಲು ಸಪ್ಪೆ, ನನಗೂ ಸಪ್ಪೆ ಅನ್ನಿಸಿತ್ತು. ಮೈ ಮೇಲೆ ಕೂತವರನ್ನು ಸೊಂಟ ಎತ್ತಿ ಉರುಳಿಸೋದು ಬ್ರಿಡ್ಜ್. ಪಕ್ಕಕ್ಕೆ ಹೊರಳಿ, ಪಾದ ಊರಿ, ಸೊಂಟವನ್ನು ಹಿಂದಕ್ಕೆ ಜಾರಿಸಿ ಜಾಗ ಮಾಡಿಕೊಳ್ಳೋದು ಶ್ರಿಂಪ್. ಇವೆರಡನ್ನ ವಾರ್ಮಪ್ ಅಂತ ದಿನಾ ಮಾಡಿಸುತ್ತಾರೆ, ಹೊಸಬರು ಯಾವಾಗ ಮುಗಿಯುತ್ತೋ ಅಂತ ಮ್ಯಾಟ್ ಉದ್ದಕ್ಕೂ ಸರಸರ ತೆವಳಿಬಿಡುತ್ತಾರೆ. ಒಂದೊಂದನ್ನೂ ನಿಧಾನವಾಗಿ ಮಾಡಿ ನೋಡಿ. ಶ್ರಿಂಪ್ ಮಾಡುವಾಗ ಹೆಚ್ಚಿನವರು ಭುಜ ಎಳೆದಾಡುತ್ತಾರೆ, ಸೊಂಟ ಇದ್ದಲ್ಲೇ ಇರುತ್ತೆ. ಸರಿಯಬೇಕಾದ್ದು ಸೊಂಟ. ಇದು ನನಗೆ ಹೊಳೆಯಲು ಐದು ತಿಂಗಳು ಹಿಡಿಯಿತು, ಹೊಳೆದ ವಾರ ಸೈಡ್ ಕಂಟ್ರೋಲ್‌ನಿಂದ, ಅಂದರೆ ಪಕ್ಕದಿಂದ ಎದೆ ಮೇಲೆ ಬಿದ್ದು ಅಮುಕುವ ಹಿಡಿತದಿಂದ, ಮೊದಲ ಸಲ ತಪ್ಪಿಸಿಕೊಂಡೆ.

ಆ ಐದು ತಿಂಗಳು ಪ್ರತಿ ರೌಂಡ್ ಮುಗಿದ ಮೇಲೂ ಕೋಚ್ ಹತ್ತಿರ ಓಡಿ ಹೋಗಿ, ‘ಸರ್, ಈ ಪಟ್ಟು ಬಿಡಿಸಿಕೊಳ್ಳೋದು ಹೇಗೆ’ ಅಂತ ಕೇಳುತ್ತಿದ್ದೆ. ಅವರು ಪ್ರತಿ ಸಲ ಅದೇ ಪ್ರಶ್ನೆ ವಾಪಸ್ ಕೇಳೋರು: ‘ಅದಕ್ಕೆ ಮುಂಚೆ ನಿನ್ನ ಮೊಣಕೈ ಎಲ್ಲಿತ್ತು?’ ಮೊಣಕೈ ಪಕ್ಕೆಲುಬಿಗೆ ಅಂಟಿಕೊಂಡಿದ್ದರೆ ಅರ್ಧ ಪಟ್ಟುಗಳು ಬೀಳೋದೇ ಇಲ್ಲ. ಕೆಳಗೆ ಬಿದ್ದ ಹೊಸಬ ಮೇಲಿದ್ದವನ ಎದೆಗೆ ಎರಡೂ ಕೈ ಚಾಚಿ ತಳ್ಳುತ್ತಾನೆ, ಅದು ನಮ್ಮ ಸಹಜ ಬುದ್ಧಿ. ಚಾಚಿದ ಕೈ ಅಂದರೆ ಕೊಟ್ಟ ಕೈ. ಬೀಳುವಾಗಲೂ ಅಷ್ಟೇ, ನೇರ ತೋಳು ಹಿಂದಕ್ಕೆ ಊರಬೇಡಿ. ಗದ್ದ ಎದೆಗೆ ಒತ್ತಿಕೊಂಡು, ಬೆನ್ನು ಗುಂಡಗೆ ಮಾಡಿ ಉರುಳಿ. ಬೀಳೋದನ್ನ ಸರಿಯಾಗಿ ಕಲಿಯುವವರೆಗೆ ಮೊಣಕಾಲೂರಿ ಕೂತೇ ಸ್ಪಾರಿಂಗ್ (ಅಭ್ಯಾಸದ ಪಂದ್ಯ) ಶುರು ಮಾಡಿ, ಯಾರೂ ನಗಲ್ಲ.

ಕುಸ್ತಿ ಆಡಿ ಬಂದವರಿಗೆ ಇಲ್ಲೊಂದು ಗೊಂದಲ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿದರೆ ಆಟ ಮುಗೀತು. ಇಲ್ಲಿ ಬೆನ್ನ ಮೇಲೆ ಮಲಗಿಯೂ ಆಟ ಇದೆ, ನಿಮ್ಮ ಕಾಲುಗಳು ಇಬ್ಬರ ನಡುವೆ ಇರುವವರೆಗೆ. ಅದಕ್ಕೆ ಗಾರ್ಡ್ ಅನ್ನುತ್ತಾರೆ. ಯಾವ ಜಾಗಕ್ಕೆ ಎಷ್ಟು ಬೆಲೆ ಅಂತ ತಿಳಿಯಬೇಕಾದರೆ ಅಂಕಗಳ ಪಟ್ಟಿ ನೋಡಿದರೆ ಸಾಕು: ಕೆಡವಿದರೆ 2, ಕೆಳಗಿನಿಂದ ಉರುಳಿಸಿ ಮೇಲೆ ಬಂದರೆ 2, ಹೊಟ್ಟೆ ಮೇಲೆ ಮೊಣಕಾಲು ಊರಿದರೆ 2, ಕಾಲುಗಳನ್ನು ದಾಟಿ ಗಾರ್ಡ್ ಮುರಿದರೆ 3, ಮೈ ಮೇಲೆ ಕೂತರೆ ಅಥವಾ ಬೆನ್ನು ಹಿಡಿದರೆ 4. ಸ್ಪರ್ಧೆಗೆ ಹೋಗದವರೂ ಇದನ್ನು ಬಾಯಿಪಾಠ ಮಾಡಿಕೊಳ್ಳಲಿ. ಪಟ್ಟುಗಳ ಹೆಸರಿನಲ್ಲಿ ತಲೆ ಗಿರ್ ಅನ್ನುವಾಗ, ಈಗ ಎಲ್ಲಿದ್ದೀನಿ, ಮುಂದೆ ಎಲ್ಲಿಗೆ ಹೋಗಬೇಕು ಅಂತ ಇದೇ ಹೇಳೋದು.

ಉಸಿರಿನ ವಿಷಯಕ್ಕೆ ಬರೋಣ. ಮೊದಲ ದಿನ ಎಲ್ಲರೂ ಗೂಳಿಯ ಹಾಗೆ ನುಗ್ಗುತ್ತಾರೆ. ಐದು ನಿಮಿಷದ ರೌಂಡಿನಲ್ಲಿ ಎರಡು ನಿಮಿಷಕ್ಕೇ ಕೈ ಕಾಲು ಸೀಸ ತುಂಬಿದಂತಾಗಿ, ಉಳಿದ ಮೂರು ನಿಮಿಷ ಚಾವಣಿ ನೋಡಿಕೊಂಡು ಮಲಗಿರುತ್ತಾರೆ. ಸ್ಟ್ಯಾಮಿನಾ ಇಲ್ಲ ಅಂತ ಓಡಲು ಶುರು ಮಾಡುತ್ತಾರೆ. ಓಡಿ, ಒಳ್ಳೇದೇ. ಆದರೆ ದಿನಾ ಹತ್ತು ಕಿಲೋಮೀಟರ್ ಓಡುವ ಒಬ್ಬರು ನಮ್ಮಲ್ಲಿಗೆ ಬಂದು ಮೊದಲ ರೌಂಡಿನಲ್ಲೇ ಏದುಸಿರು ಬಿಟ್ಟಿದ್ದನ್ನು ನಾನು ನೋಡಿದ್ದೇನೆ. ಅವರಿಗೆ ಉಸಿರಿನ ಕೊರತೆ ಇರಲಿಲ್ಲ, ಉಸಿರು ಬಿಡೋದನ್ನೇ ಮರೆತಿದ್ದರು. ನಿಮ್ಮ ಹಲ್ಲು ಕಚ್ಚಿಕೊಂಡಿದೆಯಾ ಅಂತ ಆಗಾಗ ನೋಡಿಕೊಳ್ಳಿ. ಕಚ್ಚಿದ್ದರೆ ಉಸಿರು ಹಿಡಿದಿದ್ದೀರಿ ಅಂತಲೇ ಅರ್ಥ. ಬಾಯಿಂದ ಉದ್ದಕ್ಕೆ ಬಿಡಿ, ಮುಷ್ಟಿ ಸಡಿಲಿಸಿ, ಆಮೇಲೆ ಯೋಚಿಸಿ.

ಯಾರ ಜೊತೆ ಆಡಬೇಕು ಅನ್ನೋದೂ ಮುಖ್ಯ. ಬ್ರೌನ್ ಬೆಲ್ಟ್ ಕಂಡರೆ ಹೊಸಬರು ಹೆದರಿ, ತಮ್ಮ ಹಾಗೆ ನಿನ್ನೆ ಮೊನ್ನೆ ಸೇರಿದವರನ್ನ ಹುಡುಕುತ್ತಾರೆ. ಇದು ಪೂರಾ ತಲೆಕೆಳಗು. ಬ್ರೌನ್ ಬೆಲ್ಟ್‌ಗೆ ನಿಮ್ಮ ತೋಳು ಎಲ್ಲಿವರೆಗೆ ಬಗ್ಗುತ್ತೆ ಅಂತ ನಿಮಗಿಂತ ಚೆನ್ನಾಗಿ ಗೊತ್ತು. ನಿನ್ನೆ ಸೇರಿದವನಿಗೆ ತನ್ನ ಮೊಣಕಾಲು ಎಲ್ಲಿದೆ ಅಂತಲೇ ಗೊತ್ತಿಲ್ಲ, ಅದು ಬಂದು ನಿಮ್ಮ ಮೂಗಿಗೆ ಬೀಳುತ್ತೆ. ಶುರುವಿಗೆ ಮುಂಚೆ ‘ನಿಧಾನವಾಗಿ ಹೋಗೋಣ್ವಾ, ನಾನು ಹೊಸಬ’ ಅಂತ ಹೇಳಿಬಿಡಿ. ಯಾರದೋ ಆಟ ಒರಟು ಅನ್ನಿಸಿದರೆ ‘ಈ ರೌಂಡ್ ಬೇಡ’ ಅನ್ನಿ. ಕಾರಣ ಕೊಡಬೇಕಾಗಿಲ್ಲ. ಇದನ್ನು ಹೆಣ್ಣುಮಕ್ಕಳಿಗೂ, ನಲವತ್ತು ದಾಟಿದ ಮೇಲೆ ಸೇರಿದವರಿಗೂ ಒತ್ತಿ ಹೇಳುತ್ತೇನೆ. ಬೇಡ ಅಂದದ್ದಕ್ಕೆ ಮುಖ ಊದಿಸಿಕೊಳ್ಳುವ ಜಾಗವಾದರೆ, ಜಾಗವನ್ನೇ ಬದಲಿಸಿ.

ಜಾಗ ಆರಿಸುವಾಗ ಗೋಡೆ ಮೇಲಿನ ಪದಕ ಎಣಿಸಬೇಡಿ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಬದಿಯಲ್ಲಿ ಕೂತವರನ್ನ ಎಣಿಸಿ. ಸೇರುವ ಮುಂಚೆ ಒಂದು ತರಗತಿ ಪೂರ್ತಿ ಕೂತು ನೋಡಿ. ಸ್ಪಾರಿಂಗ್ ನಡೆಯುವಾಗ ಕೋಚ್ ಕಣ್ಣು ಮ್ಯಾಟ್ ಮೇಲಿದೆಯಾ, ಮೊಬೈಲ್ ಮೇಲಿದೆಯಾ? ಮೊದಲ ದಿನವೇ ಹೊಸಬರನ್ನು ಸ್ಪಾರಿಂಗ್‌ಗೆ ದೂಡುತ್ತಾರಾ? ದೊಡ್ಡ ಬೆಲ್ಟ್‌ನವರು ಟ್ಯಾಪ್ ಮಾಡೋದು ಕಾಣುತ್ತಾ? ನನಗೆ ಈ ಕೊನೆಯದೇ ಮುಖ್ಯ. ಬ್ಲ್ಯಾಕ್ ಬೆಲ್ಟ್ ತೊಟ್ಟವರು ಬ್ಲೂ ಬೆಲ್ಟ್‌ನವರಿಗೆ ತಟ್ಟಿ, ನಕ್ಕು, ಮತ್ತೆ ಶುರು ಮಾಡೋದನ್ನ ಒಮ್ಮೆ ನೋಡಿದರೆ ಅಲ್ಲಿ ಕಣ್ಣು ಮುಚ್ಚಿ ಸೇರಬಹುದು.

ಶುಚಿಯ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ, ಇದು ಮುಜುಗರದ ವಿಷಯ ಅಂತ ಬಿಟ್ಟಿರೋ ಏನೋ. ಇಬ್ಬರ ಬೆವರು ಒಂದಾಗುವ ಆಟ ಇದು. ಉಗುರು ಕತ್ತರಿಸಿರಬೇಕು, ಕೈಯದೂ ಕಾಲಿನದೂ. ಗೀ ಆಗಲಿ, ರಾಷ್‌ಗಾರ್ಡ್ ಅನ್ನೋ ಮೈಗಂಟುವ ಅಂಗಿಯಾಗಲಿ ಪ್ರತಿ ಸಲ ಒಗೆಯಬೇಕು, ನಿನ್ನೆ ಒಣಗಿಸಿದ್ದು ನಡೆಯುತ್ತೆ ಅನ್ನೋದಲ್ಲ. ಬರಿಗಾಲಲ್ಲಿ ಟಾಯ್ಲೆಟ್‌ಗೆ ಹೋಗಿ ಅದೇ ಕಾಲಲ್ಲಿ ಮ್ಯಾಟ್ ಹತ್ತುವವರನ್ನ ಕಂಡರೆ ನನಗೆ ಮೈ ಉರಿಯುತ್ತೆ. ಮೈಯಲ್ಲಿ ಉಂಗುರದ ಹಾಗೆ ಕೆಂಪು ಕಜ್ಜಿ ಎದ್ದರೆ ಅದು ಹುಳುಕಡ್ಡಿ ಇರಬಹುದು, ಒಬ್ಬರಿಂದ ಒಬ್ಬರಿಗೆ ಸುಲಭವಾಗಿ ಹಬ್ಬುತ್ತೆ. ಡಾಕ್ಟರಿಗೆ ತೋರಿಸಿ, ವಾಸಿಯಾಗುವ ತನಕ ಮನೆಯಲ್ಲಿರಿ. ಮನೆಯಲ್ಲಿದ್ದ ಯಾವುದೋ ಸ್ಟೀರಾಯ್ಡ್ ಕ್ರೀಮ್ ಹಚ್ಚಿಕೊಳ್ಳಬೇಡಿ, ಕೆಂಪು ಕಮ್ಮಿಯಾದಂತೆ ಕಂಡು ಒಳಗೇ ಹರಡುತ್ತೆ. ಕಿವಿ ಉಜ್ಜಿ ಉಜ್ಜಿ ರಕ್ತ ತುಂಬಿ ಊದಿಕೊಂಡರೂ ಅಷ್ಟೇ, ಆ ದಿನವೋ ಮಾರನೇ ದಿನವೋ ಡಾಕ್ಟರ ಹತ್ತಿರ ಹೋಗಿ. ತಡ ಮಾಡಿದರೆ ಗಟ್ಟಿಯಾಗಿ ಹೂಕೋಸಿನ ಹಾಗೆ ಉಳಿದುಬಿಡುತ್ತೆ. ಅಂಥ ಕಿವಿ ಶೌರ್ಯದ ಗುರುತು ಅನ್ನುವವರಿದ್ದಾರೆ. ಇರಲಿ, ಅವರ ಕಿವಿ ಅವರದು.

ವಾರಕ್ಕೆ ಎರಡು ಮೂರು ದಿನ ಸಾಕು. ಮೊದಲ ತಿಂಗಳ ಹುರುಪಿನಲ್ಲಿ ಆರು ದಿನ ಬಂದವರು ಮೂರನೇ ತಿಂಗಳು ಕಾಣಿಸಲ್ಲ. ಬೆಲ್ಟ್‌ಗೆ ಅವಸರ ಪಡುವವರಿಗೆ ಒಂದು ಲೆಕ್ಕ: ಐಬಿಜೆಜೆಎಫ್ ನಿಯಮದಲ್ಲಿ 16 ವರ್ಷ ಆಗದೆ ಬ್ಲೂ ಬೆಲ್ಟ್ ಸಿಗಲ್ಲ. ಆಮೇಲೆ ಸಾಮಾನ್ಯವಾಗಿ ಬ್ಲೂನಲ್ಲಿ ಕನಿಷ್ಠ 2 ವರ್ಷ, ಪರ್ಪಲ್‌ನಲ್ಲಿ ಒಂದೂವರೆ, ಬ್ರೌನ್‌ನಲ್ಲಿ ಒಂದು ವರ್ಷ ಕಳೆಯಬೇಕು. ಇದು ಕನಿಷ್ಠ. ವೈಟ್‌ನಿಂದ ಬ್ಲ್ಯಾಕ್‌ಗೆ ಹತ್ತು ವರ್ಷ ಹಿಡಿಯೋದು ಸಾಮಾನ್ಯ. ಎರಡು ತಿಂಗಳು ಕೈ ಕಟ್ಟಿಕೊಂಡು ಮನೆಯಲ್ಲಿ ಕೂರುವ ಛಲಕ್ಕೆ ಈ ಹತ್ತು ವರ್ಷದಲ್ಲಿ ಜಾಗ ಎಲ್ಲಿದೆ ಹೇಳಿ.

ನನ್ನ ಮೊಣಕೈ ತಿರುಚಿಕೊಂಡಾಗ ಎದುರಿಗಿದ್ದವರ ಜೊತೆ ಈಗಲೂ ಆಡುತ್ತೇನೆ. ಅವರು ನನ್ನ ಬಲ ತೋಳನ್ನು ಹಿಡಿಯೋದೇ ಇಲ್ಲ, ಎಡಗೈಗೇ ಬರುತ್ತಾರೆ. ಹಿಡಿಯಿರಿ ಪರವಾಗಿಲ್ಲ, ಈಗ ತಟ್ಟುತ್ತೇನೆ ಅಂತ ಎಷ್ಟು ಹೇಳಿದರೂ ಕೇಳಲ್ಲ.

ಕೊನೆಗೆ ನಿಮ್ಮಲ್ಲಿ ಎರಡು ಕೋರಿಕೆ. ಲೇಖನದ ಮುಂದಿನ ಕಂತು ಬರುತ್ತೆ ಅಂತ ಬರೆದಿದ್ದೀರಿ. ಬರಲಿ, ಅದರಲ್ಲಿ ಟ್ಯಾಪ್ ಮಾಡೋದು ಹೇಗೆ ಅಂತ ಮೊದಲ ಪ್ಯಾರಾದಲ್ಲೇ ಹಾಕಿ. ಮತ್ತೆ ಆ ಹೀಲ್ ಹುಕ್ ಚಿತ್ರದ ಕೆಳಗಿನ ಸಾಲಿಗೆ ಒಂದು ತಿದ್ದುಪಡಿ ಪ್ರಕಟಿಸಿ. ಸಣ್ಣ ಅಕ್ಷರದಲ್ಲಿ, ಪುಟದ ಮೂಲೆಯಲ್ಲಾದರೂ ಸರಿ.

ಇತಿ,
ನಿಮ್ಮ ಓದುಗ, ಒಬ್ಬ ಬ್ಲೂ ಬೆಲ್ಟ್